ಸ್ಯಾಫೊಳ ಹನ್ನೊಂದು ಅಕ್ಷರ

(ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಮೊದಲು ಒಂದು ಸಾಲು ಕೇಳಿ. ಅರ್ಥ ಆಮೇಲೆ ನೋಡೋಣ.

ಪೊಯ್ಕಿಲೊಥ್ರೊನಾಥನತಫ್ರೊದೀತ

ಇದು ಗ್ರೀಕ್. ಸುಮಾರು 2,600 ವರ್ಷಗಳ ಹಿಂದೆ ಲೆಸ್ಬೋಸ್ ದ್ವೀಪದಲ್ಲಿ ಸ್ಯಾಫೊ ಎಂಬ ಹೆಂಗಸು ಕಟ್ಟಿದ ಹಾಡಿನ ಮೊದಲ ಸಾಲು. ಕನ್ನಡ ಲಿಪಿಯಲ್ಲಿ ಇದನ್ನು ಬರೆಯುವುದು ನನಗೆ ಯಾವಾಗಲೂ ಒಂದು ಸಣ್ಣ ಸಂತೋಷ. ಗ್ರೀಕಿನಲ್ಲಿ ಎ, ಏ ಬೇರೆ, ಒ, ಓ ಬೇರೆ. ನಮ್ಮಲ್ಲೂ ಹಾಗೇ. ದೇವನಾಗರಿಯಲ್ಲಿ ಬರೆಯಹೊರಟರೆ ಪೇಚಾಡಬೇಕು.

ಈಗ ಎಲ್ಲರೂ ಹೈಸ್ಕೂಲಿಗೆ ಹಿಂತಿರುಗಿ, ಪ್ರಸ್ತಾರ ಹಾಕಿ. ಪೊಯ್ ಗುರು, ಕಿ ಲಘು. ಒತ್ತಕ್ಷರದ ಹಿಂದಿದೆಯಾದ್ದರಿಂದ ಲೊ ಗುರು. ಥ್ರೊ ಲಘು, ನಾ ಗುರು, ಥ ಮತ್ತು ನ ಲಘು, ಮತ್ತೆ ಒತ್ತಕ್ಷರದ ಹಿಂದಿನ ತ ಗುರು, ಫ್ರೊ ಲಘು, ದೀ ಗುರು. ಕೊನೆಯ ತ ಲಘುವೇ, ಆದರೆ ಪಾದದ ಕೊನೆಯ ಲಘುವನ್ನು ಗುರುವೆಂದು ಎಣಿಸಬಹುದು ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದಾರಲ್ಲ, ಗ್ರೀಕರ ಮೇಷ್ಟ್ರೂ ಅದನ್ನೇ ಹೇಳಿಕೊಟ್ಟಿದ್ದರು. ಒಟ್ಟು ಹನ್ನೊಂದು ಅಕ್ಷರ. ಗಣ ವಿಂಗಡಿಸಿದರೆ ರ, ಜ, ಜ, ಮೇಲೆ ಎರಡು ಗುರು.

ಈ ಪಾದದ ನಾಲ್ಕನೆಯ ಅಕ್ಷರ ಗುರುವಾದರೂ ಆದೀತು, ಲಘುವಾದರೂ ಆದೀತು. ಸ್ಯಾಫೊ ಎರಡನ್ನೂ ಬಳಸುತ್ತಾಳೆ. ಅಲ್ಲಿ ಗುರು ಇಟ್ಟರೆ ಗಣಗಳು ರ, ತ, ಜ, ಗ, ಗ ಆಗುತ್ತವೆ. ನಮ್ಮ ಇಂದ್ರವಜ್ರ ಯಾವುದು? ತ, ತ, ಜ, ಗ, ಗ. 'ಸ್ಯಾದಿಂದ್ರವಜ್ರಾ ಯದಿ ತೌ ಜಗೌ ಗಃ.' ಮೊದಲ ಗಣವೊಂದನ್ನು ಬಿಟ್ಟರೆ ಉಳಿದ ಎಂಟು ಅಕ್ಷರಗಳ ನಡೆ ಒಂದೇ. ಗೀತೆಯ 'ಕಾರ್ಪಣ್ಯದೋಷೋಪಹತಸ್ವಭಾವಃ' ಗೊತ್ತಿರುವವರು ಅದನ್ನೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ನೋಡಿ. ಸಾಲಿನ ಬಾಲ ಬೀಸುವ ರೀತಿ ಅದೇ.

ಇದು ಬರೀ ಕಾಕತಾಳೀಯವೇ? ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೆಯ್ಯೆ 1923ರಲ್ಲಿ ಅಲ್ಲ ಎಂದ. ಲೆಸ್ಬೋಸಿನ ಕವಿಗಳ ಪಾದಗಳಲ್ಲಿ ಅಕ್ಷರಗಳ ಸಂಖ್ಯೆ ಖಚಿತ, ವೇದದ ತ್ರಿಷ್ಟುಭ್ ಪಾದದಲ್ಲೂ ಹಾಗೆಯೇ ಹನ್ನೊಂದು. ಎರಡೂ ಒಂದೇ ಹಳೆಯ ಬೇರಿನಿಂದ ಬಂದವು ಎಂದು ಅವನ ವಾದ. ಒಪ್ಪಿದವರಿದ್ದಾರೆ, ತಲೆಯಾಡಿಸದವರೂ ಇದ್ದಾರೆ. ನಾನು ಇವತ್ತು ಆ ತಗಾದೆಗೆ ಇಳಿಯುವುದಿಲ್ಲ. ಛಂದಸ್ಸನ್ನು ಮೊದಲಿಗೆ ಎತ್ತಿಕೊಂಡದ್ದಕ್ಕೆ ಕಾರಣ ಬೇರೆ. ಸ್ಯಾಫೊಳನ್ನು ಇಂಗ್ಲಿಷ್ ಅನುವಾದದಲ್ಲಿ ಓದುವಾಗ ಸಿಗುವುದು ಅರ್ಧರ್ಧ ವಾಕ್ಯ, ಬಿಳಿ ಜಾಗ, ನಿಟ್ಟುಸಿರು. ಹಾಗಾಗಿ ಅವಳು ಪಿಸುಮಾತಿನ ಕವಿ ಎಂಬ ಭಾವನೆ ಬಂದುಬಿಡುತ್ತದೆ. ಅವಳು ಹಾಡುಗಾರ್ತಿ. ತಂತಿವಾದ್ಯ ಹಿಡಿದು, ನಾಲ್ಕು ಜನರ ಮುಂದೆ, ಲೆಕ್ಕಾಚಾರದ ಛಂದಸ್ಸಿನಲ್ಲಿ ಹಾಡಿದವಳು. ಗುರು ಲಘು ಬಲ್ಲ ಕಿವಿಗೆ ಅದನ್ನು ಒಪ್ಪಿಸುವುದು ಸುಲಭ, ಅದಕ್ಕೇ ಇಲ್ಲಿಂದ ಶುರು ಮಾಡಿದೆ.

ಇಂಥ ಮೂರು ಪಾದಗಳಾದ ಮೇಲೆ ಐದೇ ಅಕ್ಷರದ ಒಂದು ಪುಟ್ಟ ಪಾದ: ಭ ಗಣ, ಎರಡು ಗುರು. ಅಲ್ಲಿಗೆ ಒಂದು ಪದ್ಯ. ಮೂರು ಅಲೆ ಉದ್ದಕ್ಕೆ ಬಂದು, ನಾಲ್ಕನೆಯದು ದಡದಲ್ಲೇ ನಿಂತ ಹಾಗೆ. ಈ ಪದ್ಯಜಾತಿಗೆ ಇಂದಿಗೂ ಅವಳದೇ ಹೆಸರು.

ಈಗ ಅರ್ಥಕ್ಕೆ ಬರೋಣ. 'ಚಿತ್ತಾರದ ಪೀಠದ, ಸಾವಿಲ್ಲದ ಅಫ್ರೊದಿತೆಯೇ' ಎಂದು ಹಾಡು ಪ್ರೇಮದೇವತೆಯನ್ನು ಕರೆಯುತ್ತದೆ. ನನ್ನನ್ನು ಸಂಕಟದಲ್ಲಿ ನೂಕಬೇಡ, ಹಿಂದೆ ಬಂದೆಯಲ್ಲ, ಹಾಗೆ ಬಾ. ಹಿಂದೆ ಹೇಗೆ ಬಂದಿದ್ದಳು? ಗುಬ್ಬಚ್ಚಿಗಳು ಎಳೆವ ರಥದಲ್ಲಿ. ಬಂದವಳು ಮುಗುಳ್ನಕ್ಕು ಕೇಳುತ್ತಾಳೆ: ಮತ್ತೇನಾಯಿತೇ? ಮತ್ತೆ ಯಾಕೆ ಕರೆದೆ? ಮತ್ತೆ ಯಾರನ್ನು ಒಲಿಸಿಕೊಡಲಿ? ಆ 'ಮತ್ತೆ' ಮೂರು ಸಲ ಬರುತ್ತದೆ, ಹಾಡಿನ ಜೀವವೇ ಅದು. ದೇವಿಗೆ ಈ ಭಕ್ತೆಯ ಗೋಳು ಹೊಸದಲ್ಲ. ತನ್ನ ಸಂಕಟವನ್ನು ಹಾಡುತ್ತಲೇ ಅದನ್ನು ನೋಡಿ ನಗುವ ದೇವಿಯನ್ನೂ ತಾನೇ ಕೂರಿಸಿಕೊಂಡಿದ್ದಾಳೆ ಕವಿ. ದೇವಿ ಅವಳನ್ನು ಹೆಸರು ಹಿಡಿದು ಕರೆಯುತ್ತಾಳೆ: 'ಪ್ಸಪ್ಫೊ, ಯಾರೇ ನಿನಗೆ ಅನ್ಯಾಯ ಮಾಡಿದ್ದು?' ಅವಳ ಊರಿನ ನುಡಿಯಲ್ಲಿ ಅವಳ ಹೆಸರು ಹಾಗೆ. ಆಮೇಲೆ ಆಶ್ವಾಸನೆ:

ಓಡುವವಳೇ ನಾಳೆ ಬೆನ್ನಟ್ಟುವಳು,
ಕಾಣಿಕೆ ಒಲ್ಲದವಳೇ ಕಾಣಿಕೆ ತರುವಳು,
ಒಲಿಯದವಳೇ ಬೇಗ ಒಲಿವಳು,
ಒಲ್ಲದವಳಾಗಿಯೂ.

ಇಲ್ಲಿ ಕನ್ನಡ ಅನುವಾದಕ ಸಿಕ್ಕಿಬೀಳುತ್ತಾನೆ. ಗ್ರೀಕ್ ಕ್ರಿಯಾಪದ ಗಂಡೋ ಹೆಣ್ಣೋ ಹೇಳುವುದಿಲ್ಲ. ಪದ್ಯದ ಕೊನೆಯ ಆ ಒಂದೇ ಪದ, 'ಒಲ್ಲದವಳಾಗಿಯೂ', ಅದರ ಸ್ತ್ರೀಲಿಂಗ ಪ್ರತ್ಯಯದಿಂದ ಮಾತ್ರ ಪ್ರೀತಿಗೆ ಪಾತ್ರವಾದದ್ದು ಹೆಣ್ಣು ಎಂದು ತಿಳಿಯುತ್ತದೆ. ಮೂಲದಲ್ಲಿ ಅದು ಕೊನೆಗೆ ತೆರೆಯುವ ಬಾಗಿಲು. ನಮ್ಮ ಕ್ರಿಯಾಪದಗಳು ಮೊದಲ ಸಾಲಿನಲ್ಲೇ ಅದನ್ನು ಹಾರುಹೊಡೆದು ಇಟ್ಟುಬಿಡುತ್ತವೆ. ನಾನು ಮಾಡಿದ್ದೂ ಅದೇ ತಪ್ಪು. ತಪ್ಪಿಸಿಕೊಳ್ಳುವ ದಾರಿ ನನಗಿನ್ನೂ ಹೊಳೆದಿಲ್ಲ.

ಅವಳ ಬದುಕಿನ ಬಗ್ಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಕ್ರಿ.ಪೂ. 630ರ ಆಸುಪಾಸಿನಲ್ಲಿ ಹುಟ್ಟಿದವಳು, ಲೆಸ್ಬೋಸಿನ ಮಿಟಿಲೀನೆ ಪಟ್ಟಣದಲ್ಲಿ ಬಾಳಿದವಳು, ಕವಿ ಅಲ್ಕಯಸನ ಸಮಕಾಲೀನಳು. ಪಂಗಡಗಳ ಜಗಳದಲ್ಲಿ ಕೆಲಕಾಲ ಸಿಸಿಲಿಗೆ ಗಡೀಪಾರಾಗಿದ್ದಳೆಂದು ಪಾರೊಸ್ ದ್ವೀಪದ ಒಂದು ಶಾಸನ ಹೇಳುತ್ತದೆ. ಅಣ್ಣತಮ್ಮಂದಿರಲ್ಲಿ ಒಬ್ಬ ಖರಾಕ್ಸಸ್, ಈಜಿಪ್ಟಿನ ನೌಕ್ರಾಟಿಸಿನಲ್ಲಿ ರೊಡೊಪಿಸ್ ಎಂಬ ವೇಶ್ಯೆಯನ್ನು ಭಾರಿ ಹಣ ತೆತ್ತು ಬಿಡಿಸಿದ. ಊರಿಗೆ ಬಂದಾಗ ಸ್ಯಾಫೊ ಹಾಡಿನಲ್ಲೇ ಅವನ ಚಳಿ ಬಿಡಿಸಿದಳು. ಇದನ್ನು ಹೇಳುವವನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್.

ಇದಿಷ್ಟು ಸಾಲದೆಂದು ಜನ ಕಥೆ ಕಟ್ಟಿದರು. ಅಥೆನ್ಸಿನ ಪ್ರಹಸನಕಾರರು ಅವಳನ್ನು ನಗೆಪಾಟಲಿನ ಪಾತ್ರ ಮಾಡಿದರು. ಫಾವೊನ್ ಎಂಬ ಚೆಲುವ ಅಂಬಿಗನ ಮೇಲಿನ ಮೋಹಕ್ಕೆ ಲ್ಯೂಕಸ್ ಬಂಡೆಯಿಂದ ಸಮುದ್ರಕ್ಕೆ ಹಾರಿ ಸತ್ತಳೆಂಬ ಕಥೆ ಹುಟ್ಟಿತು. ರೋಮಿನ ಕವಿ ಓವಿಡನ ಹೆಸರಿನಲ್ಲಿರುವ ಕಾವ್ಯಪತ್ರವೊಂದು ಅದಕ್ಕೆ ಕಣ್ಣೀರು ಸೇರಿಸಿತು. ಐರೋಪ್ಯ ಚಿತ್ರಕಾರರಿಗೆ ಶತಮಾನಗಳ ಕಾಲ ಬೇಕಾಗಿದ್ದು ಆ ಬಂಡೆ ಮಾತ್ರ. 1913ರಲ್ಲಿ ಜರ್ಮನಿಯ ದೊಡ್ಡ ವಿದ್ವಾಂಸ ವಿಲಮೊವಿಟ್ಸ್ ಅವಳನ್ನು ಮರ್ಯಾದಸ್ಥ ಹೆಣ್ಣುಮಕ್ಕಳ ಪಾಠಶಾಲೆಯ ಯಜಮಾನಿಯಂತೆ ನಿಲ್ಲಿಸಿದ. ಬಂಡೆಯಿಂದ ಹಾರಿಸುವುದಕ್ಕಿಂತ ಇದು ಹೆಚ್ಚು ಸಭ್ಯ ಅನ್ನಿಸಿರಬೇಕು. ಎರಡರಲ್ಲೂ ಹಾಡು ಎಲ್ಲಿದೆ?

ಹಾಡು ಎಲ್ಲಿತ್ತು ಅನ್ನುವುದೇ ಸ್ವಾರಸ್ಯದ ಸಂಗತಿ. ಅಲೆಕ್ಸಾಂಡ್ರಿಯದ ವಿದ್ವಾಂಸರು ಅವಳ ಹಾಡುಗಳನ್ನು ಮುಖ್ಯವಾಗಿ ಛಂದಸ್ಸಿನ ಪ್ರಕಾರ ವಿಂಗಡಿಸಿ ಸಂಪಾದಿಸಿದರು. ಒಂಬತ್ತು ಸುರುಳಿಗಳು ಎಂಬುದು ರೂಢಿಯ ಲೆಕ್ಕ. ಮೊದಲ ಸುರುಳಿಯ ಕೊನೆಯಲ್ಲಿ ನಕಲುಗಾರ ಸಾಲುಗಳ ಎಣಿಕೆ ಬರೆದಿಟ್ಟದ್ದು ಸಿಕ್ಕಿದೆ: 1320. ನಾಲ್ಕರಿಂದ ಭಾಗಿಸಿ, 330 ಪದ್ಯ. ಅದು ಒಂದು ಸುರುಳಿಯಲ್ಲಿ ಇದ್ದದ್ದು. ಇವತ್ತು ಎಲ್ಲ ಸೇರಿ ನಮಗೆ ಉಳಿದಿರುವುದು ಸುಮಾರು 650 ಸಾಲು, ಅದರಲ್ಲೂ ಬಹಳಷ್ಟು ಮುರುಕು. ಪೂರ್ತಿ ಉಳಿದಿದೆ ಎಂದು ಧೈರ್ಯವಾಗಿ ಹೇಳಬಹುದಾದದ್ದು ನಾನು ಈಗ ಹೇಳಿದ ಅಫ್ರೊದಿತೆಯ ಹಾಡು ಒಂದೇ.

ಅದು ಯಾಕೆ ಉಳಿಯಿತು? ಹಾಲಿಕಾರ್ನಾಸಸ್‌ನ ಡಯೊನೀಸಿಯಸ್ ಎಂಬ ಅಲಂಕಾರ ಶಾಸ್ತ್ರದ ಮೇಷ್ಟ್ರು ರೋಮಿನಲ್ಲಿ ಪಾಠ ಹೇಳುತ್ತ, ಶಬ್ದಗಳು ಒಂದಕ್ಕೊಂದು ತಾಕದೆ ನುಣ್ಣಗೆ ಹರಿಯುವ ಶೈಲಿಗೆ ಉದಾಹರಣೆ ಬೇಕಾಗಿ ಇಡೀ ಹಾಡನ್ನು ಉದ್ಧರಿಸಿದ. ಪುಣ್ಯಾತ್ಮ, ನಡುವೆ 'ಇತ್ಯಾದಿ' ಅನ್ನಲಿಲ್ಲ. ನಮಗೂ ಈ ಪಾಡು ಗೊತ್ತು. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶ ಇವತ್ತು ಇಲ್ಲ. ಲಕ್ಷಣಗ್ರಂಥಗಳೂ ಸಂಕಲನಗಳೂ ಎತ್ತಿಟ್ಟುಕೊಂಡ ಪದ್ಯಗಳಷ್ಟೇ ಉಳಿದಿವೆ. ಸೂತ್ರಕ್ಕೆ ಲಕ್ಷ್ಯ ಹುಡುಕುವ ವೈಯಾಕರಣಿ ತನಗೆ ಗೊತ್ತಿಲ್ಲದೆಯೇ ಕವಿಯ ಭಂಡಾರಿ.

ಎರಡನೆಯ ಶತಮಾನದ ಹೆಫೆಸ್ಟಿಯನ್ ಎಂಬವನ ಛಂದಸ್ಸಿನ ಕೈಪಿಡಿಯಲ್ಲಿ ಸ್ಯಾಫೊಳ ಮದುವೆ ಹಾಡಿನ ತುಣುಕೊಂದು ಸಿಕ್ಕಿಕೊಂಡಿದೆ. ಮದುಮಕ್ಕಳ ಕೋಣೆಯ ಬಾಗಿಲಲ್ಲಿ ವರನ ಗೆಳೆಯನೊಬ್ಬ ಕಾವಲು ನಿಲ್ಲುವ ಪದ್ಧತಿ. ಅವನನ್ನು ಹೆಣ್ಣಿನ ಕಡೆಯವರು ಹೀಗೆ ಛೇಡಿಸುತ್ತಾರೆ:

ಬಾಗಿಲು ಕಾಯುವನ ಪಾದ ಏಳು ಮಾರು,
ಮೆಟ್ಟಿಗೆ ಹಿಡಿಯಿತು ಐದೆತ್ತಿನ ತೊಗಲು,
ಹೊಲಿಯಲು ಬೇಕಾದರು ಹತ್ತು ಮಂದಿ.

ಗ್ರೀಕಿನ ಅಳತೆಯೂ ನಮ್ಮ ಮಾರಿನಂತೆ ಚಾಚಿದ ಎರಡು ಕೈಗಳ ಉದ್ದವೇ, ಒಂದಿಂಚೂ ಬದಲಿಸಬೇಕಾಗಿಲ್ಲ. ಬೀಗರ ಹಾಡು ಕೇಳಿ ಬೆಳೆದವರಿಗೆ ಇದರ ಬಗ್ಗೆ ಟಿಪ್ಪಣಿ ಬೇಕೇ? ಇದನ್ನು ಹಾಡಿದವಳೂ ಬಂಡೆಯಿಂದ ಹಾರಿದಳೆನ್ನುವ ಆ ಕಣ್ಣೀರಿನ ಕವಿಯೂ ಒಬ್ಬಳೇ ಎಂದು ನಂಬುವುದು ನನಗಂತೂ ಕಷ್ಟ.

ಒಂದೇ ಕ್ರಿಯಾಪದವನ್ನು ಮತ್ತೆ ಮತ್ತೆ ತಂದರೆ ಎಂಥ ಸೊಬಗು ಬರುತ್ತದೆ ಎಂದು ತೋರಿಸಲು ಡೆಮೆಟ್ರಿಯಸ್ ಎಂಬ ಶೈಲಿಕಾರ ಎತ್ತಿಕೊಂಡ ಸಾಲು:

ಸಂಜೆಚುಕ್ಕಿಯೇ, ಹೊಳೆವ ಬೆಳಗು ಚದುರಿಸಿದ್ದೆಲ್ಲವ ತರುವೆ,
ಕುರಿಯ ತರುವೆ, ಮೇಕೆಯ ತರುವೆ,
ತಾಯ ಬಳಿಗೆ ಮಗುವ ತರುವೆ.

ಇನ್ನೊಬ್ಬ ಟೀಕಾಕಾರನ ಪುಟದಲ್ಲಿ ಸಿಕ್ಕ ಸೇಬು:

ಕೊಂಬೆಯ ತುದಿಯಲ್ಲಿ, ತುದಿಯ ತುದಿಯಲ್ಲಿ
ಕೆಂಪೇರಿದ ಸಿಹಿಸೇಬು. ಕೀಳುವವರು ಮರೆತರು.
ಇಲ್ಲ, ಮರೆಯಲಿಲ್ಲ. ಅವರ ಕೈಗೆ ಎಟುಕಲಿಲ್ಲ.

ಆ 'ಇಲ್ಲ' ನೋಡಿ. ಹೇಳಿದ್ದನ್ನು ತಕ್ಷಣ ತಿದ್ದಿಕೊಳ್ಳುವ ಈ ಚಾಳಿ ಬರವಣಿಗೆಯದಲ್ಲ, ಬಾಯಿಮಾತಿನದು. ಇದು ವಧುವಿನ ಹೊಗಳಿಕೆ ಎಂದು ಹಳಬರು ಹೇಳುತ್ತಾರೆ: ಇಷ್ಟು ದಿನ ಕಾದವಳು ಬೇಡವಾಗಿ ಉಳಿದವಳಲ್ಲ.

ಅವಳ ಇನ್ನೊಂದು ದೊಡ್ಡ ಹಾಡನ್ನು ಉಳಿಸಿಕೊಟ್ಟವನು ಲಾಂಜೈನಸ್. ಕಾವ್ಯಮೀಮಾಂಸೆ ಓದಿದವರಿಗೆ ಭವ್ಯತೆಯ ಬಗ್ಗೆ ಬರೆದ ಲಾಂಜೈನಸ್ ಗೊತ್ತು, ಅವನ ಆ ಉದಾಹರಣೆ ನೆನಪಿರಲಿಕ್ಕಿಲ್ಲ. ನಿನ್ನೆದುರು ಕೂತು ನಿನ್ನ ಸವಿಮಾತು, ನಗು ಕೇಳುತ್ತಿದ್ದಾನಲ್ಲ, ಅವನು ನನಗೆ ದೇವರ ಸಮ ಕಾಣುತ್ತಾನೆ ಎಂದು ಶುರು. ನಿನ್ನನ್ನು ಒಂದು ಗಳಿಗೆ ಕಂಡರೆ ನನಗೆ ದನಿ ಇಲ್ಲ. ನಾಲಿಗೆ ಮುರಿಯುತ್ತದೆ, ತೊಗಲಿನಡಿ ತೆಳ್ಳನೆ ಬೆಂಕಿ ಹರಿಯುತ್ತದೆ, ಕಣ್ಣು ಕಾಣದು, ಕಿವಿ ಗುಂಯ್ಗುಡುತ್ತದೆ, ಬೆವರು ಇಳಿಯುತ್ತದೆ, ಮೈಯೆಲ್ಲ ನಡುಕ, ಹುಲ್ಲಿಗಿಂತ ಹಸಿರಾಗುತ್ತೇನೆ, ಸಾವಿಗೆ ಇನ್ನೊಂದೇ ಹೆಜ್ಜೆ ಅನ್ನಿಸುತ್ತದೆ. ಆಮೇಲೆ, 'ಆದರೂ ಎಲ್ಲವನ್ನೂ ತಾಳಬೇಕು, ಬಡವನೂ...' ಅಲ್ಲಿಗೆ ಉದ್ಧರಣೆ ಕಡಿದುಹೋಗುತ್ತದೆ.

ಮೈಯ ಈ ಪಟ್ಟಿಗೆ ಬಂದ ಗತಿ ಕೇಳಿ. ರಾಜಕುಮಾರ ಆಂಟಿಯೋಕಸ್ ಕಾಯಿಲೆ ಬಿದ್ದಾಗ ವೈದ್ಯ ಎರಾಸಿಸ್ಟ್ರಾಟಸ್ ಪಕ್ಕದಲ್ಲೇ ಕೂತು, ಯಾರು ಒಳಗೆ ಬಂದಾಗ ರೋಗಿಯ ಲಕ್ಷಣ ಬದಲಾಗುತ್ತದೆ ಎಂದು ನೋಡುತ್ತಾನೆ. ಮಲತಾಯಿ ಸ್ಟ್ರಾಟೊನೀಕೆ ಬಂದಾಗ ಮಾತ್ರ ದನಿ ಕಟ್ಟುತ್ತದೆ, ಬೆವರು ಒಡೆಯುತ್ತದೆ, ಕಣ್ಣು ಮಂಜಾಗುತ್ತದೆ. ಸ್ಯಾಫೊ ಹೇಳಿದ ಲಕ್ಷಣಗಳೆಲ್ಲ ಇದ್ದವು ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಹಾಡು ರೋಗನಿದಾನದ ಪುಸ್ತಕವಾಯಿತು. ರೋಮಿನ ಕವಿ ಕಟುಲಸ್ ಅದೇ ಹಾಡನ್ನು ಅದೇ ಛಂದಸ್ಸಿನಲ್ಲಿ ಲ್ಯಾಟಿನ್ನಿಗೆ ತಂದ. ಕೊನೆಗೆ ಹೊತ್ತು ಹೋಗದ ಸೋಮಾರಿತನದ ಬಗ್ಗೆ ತನಗೆ ತಾನೇ ಬುದ್ಧಿ ಹೇಳಿಕೊಳ್ಳುವ ಪದ್ಯವೊಂದನ್ನು ಸೇರಿಸಿದ. ಅದು ನನಗೆ ಅಷ್ಟು ಹಿಡಿಸಿಲ್ಲ.

ಹಾಗಾದರೆ ಒಂಬತ್ತು ಸುರುಳಿಗಳು ಏನಾದವು? ಪಾದ್ರಿಗಳು ಸುಟ್ಟರು ಎಂಬ ಕಥೆ ತುಂಬ ಜನಪ್ರಿಯ, ಗಟ್ಟಿ ಆಧಾರ ಇಲ್ಲ. ಸುಡುವುದಕ್ಕಿಂತ ನಕಲು ಮಾಡದಿರುವುದೇ ಪುಸ್ತಕವನ್ನು ಹೆಚ್ಚು ಚೆನ್ನಾಗಿ ಕೊಲ್ಲುತ್ತದೆ. ಸ್ಯಾಫೊಳದು ಲೆಸ್ಬೋಸಿನ ಊರಮಾತು. ಮುಂದೆ ಶಾಲೆಗಳಲ್ಲಿ ಅಥೆನ್ಸಿನ ಗ್ರೀಕೇ ಶಿಷ್ಟ ಭಾಷೆಯಾಯಿತು, ಇವಳ ನುಡಿ ಮಕ್ಕಳಿಗೆ ಕಬ್ಬಿಣದ ಕಡಲೆ. ಪಪೈರಸ್ ಎಂಬ ಜೊಂಡಿನ ಹಾಳೆಯ ಸುರುಳಿಗಳಿಂದ ಚರ್ಮದ ಹಾಳೆಯ ಪುಸ್ತಕಗಳಿಗೆ ಎಲ್ಲವನ್ನೂ ಎತ್ತಿ ಬರೆಯುವಾಗ, ಯಾರೂ ಕೇಳದ್ದನ್ನು ಬರೆಯಲಿಲ್ಲ. ಹನ್ನೆರಡನೆಯ ಶತಮಾನದ ಹೊತ್ತಿಗೆ ಬಿಜಾಂಟಿಯಮ್ಮಿನ ವಿದ್ವಾಂಸ ಟ್ಸೆಟ್ಸೆಸ್, ಸ್ಯಾಫೊಳನ್ನು ಕಾಲ ನುಂಗಿತು ಎಂದು ಹಲುಬುತ್ತಾನೆ.

ಆಮೇಲಿನದು ತಿಪ್ಪೆಯ ಕಥೆ. ಕೈರೋದಿಂದ ಸುಮಾರು 160 ಕಿಲೋಮೀಟರ್ ದಕ್ಷಿಣಕ್ಕೆ ಆಕ್ಸಿರಿಂಕಸ್ ಎಂಬ ಹಾಳು ಪಟ್ಟಣ. 1896-97ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡಿನ ತರುಣರು ಅಲ್ಲಿನ ಕಸದ ದಿಬ್ಬಗಳನ್ನು ಅಗೆಯತೊಡಗಿದರು. ಮಳೆಯಿಲ್ಲದ ನೆಲ, ಹಾಗಾಗಿ ಪಪೈರಸ್ ಕೊಳೆತಿರಲಿಲ್ಲ. ತೆರಿಗೆ ರಸೀದಿ, ಮನೆಕಾಗದ, ಸಾಲಪತ್ರಗಳ ನಡುವೆ ಸ್ಯಾಫೊ. ಮೊದಲ ತುಂಡು 1898ರಲ್ಲೇ ಅಚ್ಚಾಯಿತು. ಆ ಸುರುಳಿ ಹರಿದು ಬಿಸಾಡಿದವನಿಗೆ ನಾವು ಋಣಿಗಳು.

ಅದೇ ತಿಪ್ಪೆಯಲ್ಲಿ ನಮ್ಮದೂ ಒಂದು ಪಾಲಿದೆ ಅನ್ನುವವರಿದ್ದಾರೆ. 413ನೆಯ ಸಂಖ್ಯೆಯ ಪಪೈರಸ್ ಒಂದು ಪ್ರಹಸನ. ಖರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಯಾಗಿದ್ದಾಳೆ, ಅಲ್ಲಿನವರು ಗ್ರೀಕರಿಗೆ ತಿಳಿಯದ ಮಾತಾಡುತ್ತಾರೆ. 1903ರಲ್ಲಿ ಅಚ್ಚಾದ ಆ ಮಾತುಗಳನ್ನು ಮರುವರ್ಷವೇ ಶಾಸನತಜ್ಞ ಹುಲ್ಟ್ಸ್ ಕನ್ನಡವೆಂದು ಓದಿದ. ನಮ್ಮ ಮಂಜೇಶ್ವರ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಒಪ್ಪದವರೂ ಬಹಳ. ನನಗೂ ಆ ಓದು ಎಳೆದು ಕೂಡಿಸಿದ ಹಾಗೆ ಕಾಣುತ್ತದೆ, ಆದರೆ ಸ್ಯಾಫೊ ಸಿಕ್ಕ ಕಸದಲ್ಲೇ ಕನ್ನಡದ ಗುಮಾನಿಯೂ ಸಿಕ್ಕಿದ್ದು ಕೇಳಲು ಹಿತ.

ತಿಪ್ಪೆಯಷ್ಟೇ ಅಲ್ಲ. ಮಡಕೆಯ ಚೂರೊಂದರ ಮೇಲೆ ಯಾರೋ ಗೀಚಿದ್ದ ಹಾಡನ್ನು 1937ರಲ್ಲಿ ಇಟಲಿಯ ಮೆಡೇಯಾ ನೋರ್ಸಾ ಓದಿ ಪ್ರಕಟಿಸಿದಳು. ಸೇಬಿನ ತೋಪು, ಕೊಂಬೆಗಳ ನಡುವೆ ತಣ್ಣೀರಿನ ಸದ್ದು, ಗುಲಾಬಿಯ ನೆರಳು, ನಡುಗುವ ಎಲೆಗಳಿಂದ ಇಳಿಯುವ ನಿದ್ದೆ. ಇದೆಲ್ಲ ಒಂದು ಬೋಕಿಯ ಮೇಲೆ. ಇನ್ನೊಂದು, ಮುಪ್ಪಿನ ಹಾಡು. 1922ರಲ್ಲಿ ಪ್ರಕಟವಾದ ಆಕ್ಸಿರಿಂಕಸ್ ತುಂಡಿನಲ್ಲಿ ಅದರ ಸಾಲುಗಳ ಬಲಬದಿ ಮಾತ್ರ ಇತ್ತು. 2004ರಲ್ಲಿ ಜರ್ಮನಿಯ ಕೊಲೋನಿನಲ್ಲಿ ಹೊರಬಂದ ಪಪೈರಸ್ಸಿನಲ್ಲಿ ಎಡಬದಿ ಸಿಕ್ಕಿತು. ಅದು ಮಮ್ಮಿಯ ಕವಚಕ್ಕೆ ಅಂಟಿಸಿದ ರದ್ದಿ. 82 ವರ್ಷಗಳ ಅಂತರದಲ್ಲಿ ಎರಡು ಹೋಳು ಕೂಡಿದವು. ಕಪ್ಪಗಿದ್ದ ಕೂದಲು ಬೆಳ್ಳಗಾಯಿತು, ಒಮ್ಮೆ ಜಿಂಕೆಮರಿಯಂತೆ ಕುಣಿದ ಮೊಣಕಾಲು ಈಗ ನನ್ನನ್ನು ಹೊರಲೊಲ್ಲದು, ಏನು ಮಾಡಲಿ, ಮುಪ್ಪಿಲ್ಲದ ಮನುಷ್ಯರಿಲ್ಲ ಎನ್ನುತ್ತಾಳೆ. ಪ್ರೇಮದ ಕವಿ ಎಂದು ಹಣೆಪಟ್ಟಿ ಹಚ್ಚಿದವರಿಗೆ ಇದನ್ನು ತೋರಿಸಬೇಕು.

2014ರಲ್ಲೂ ಒಂದು ಹಾಡು ಸಿಕ್ಕಿತು, ಅಣ್ಣತಮ್ಮಂದಿರ ಬಗ್ಗೆ. ಜಗತ್ತಿನ ಪತ್ರಿಕೆಗಳೆಲ್ಲ ಕುಣಿದವು. ಆದರೆ ಆ ಪಪೈರಸ್ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಕಥೆ ನಿಲ್ಲಲಿಲ್ಲ, ಆ ಕಥೆ ಹೇಳಿದ್ದ ಅಧ್ಯಾಯವನ್ನು ಪ್ರಕಾಶಕರು 2021ರಲ್ಲಿ ಹಿಂತೆಗೆದುಕೊಂಡರು. ಹಾಡು ಅಸಲಿ ಎಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ದಾರಿ ಮಾತ್ರ ಕತ್ತಲು.

ಮಾತಿನ ನಡುವೆ ಒಬ್ಬರು ಕೇಳಿದರು: ಇವಳು ಗ್ರೀಕರ ಅಕ್ಕಮಹಾದೇವಿಯೇ? ಅಲ್ಲ. ಅಕ್ಕನಿಗೆ ಚೆನ್ನಮಲ್ಲಿಕಾರ್ಜುನನ ಹೊರತು ಉಳಿದ ಗಂಡರು ಬೇಡ, ಲೋಕವೂ ಬೇಡ. ಸ್ಯಾಫೊಗೆ ಲೋಕವೇ ಬೇಕು: ತಾನು ಒಲಿದ ಅನಾಕ್ಟೋರಿಯಾಳ ನಡಿಗೆ, ಮಗಳು ಕ್ಲೇಯಿಸ್, ಸಾರ್ಡಿಸಿನಿಂದ ಬರುವ ಬಣ್ಣದ ತಲೆಪಟ್ಟಿ. ಕುದುರೆದಂಡು ಚೆಂದ ಅನ್ನುವರು ಕೆಲವರು, ಕಾಲಾಳು ಅನ್ನುವರು ಕೆಲವರು, ಹಡಗು ಅನ್ನುವರು ಕೆಲವರು, ನಾನನ್ನುವೆ ಯಾರು ಯಾವುದನ್ನು ಒಲಿದಿದ್ದಾರೋ ಅದು ಎನ್ನುತ್ತಾಳೆ. ಹೋಮರನ ಇಡೀ ದಂಡನ್ನು ನಾಲ್ಕು ಸಾಲಲ್ಲಿ ಪಕ್ಕಕ್ಕೆ ಸರಿಸಿದ ಹೆಂಗಸು. ದೇವತೆಯನ್ನು ಕರೆದದ್ದೂ ಈ ಲೋಕದ ಒಲವಿಗೇ.

ಕೊನೆಯದಾಗಿ ಮತ್ತೆ ಆ ಹನ್ನೊಂದು ಅಕ್ಷರಕ್ಕೆ ಬರುತ್ತೇನೆ. ಅವಳ ಹಾಡುಗಳ ಧಾಟಿ ಒಂದೂ ಉಳಿದಿಲ್ಲ. ಛಂದಸ್ಸು ಮಾತ್ರ ತನ್ನ ಪಾಡಿಗೆ ತಾನು ನಡೆಯಿತು. ರೋಮಿನ ಕವಿ ಹೊರೇಸ್ ಅದನ್ನು ಲ್ಯಾಟಿನ್ನಿನಲ್ಲಿ ನೆಲೆಗೊಳಿಸಿದ. ಅವನ ಕೈಯಲ್ಲಿ ನಾಲ್ಕನೆಯ ಅಕ್ಷರ ಖಾಯಂ ಗುರುವಾಯಿತು. 'ಇಂತೆಗೆರ್ ವೀತೈ ಸ್ಕೆಲೆರಿಸ್ಕ್ವೆ ಪೂರುಸ್', ಅಂದರೆ ಯಾವಾಗಲೂ ರ, ತ, ಜ, ಗ, ಗ, ನಮ್ಮ ಇಂದ್ರವಜ್ರಕ್ಕೆ ಇನ್ನೂ ಒಂದು ಹೆಜ್ಜೆ ಹತ್ತಿರ. ಸ್ಯಾಫೊ ಯತಿಗೆ, ಅಂದರೆ ಸಾಲಿನ ನಡುವಿನ ನಿಲುಗಡೆಗೆ, ಕಟ್ಟುಬಿದ್ದವಳಲ್ಲ. ಹೊರೇಸ್ ಹೆಚ್ಚಾಗಿ ಐದನೆಯ ಅಕ್ಷರದ ನಂತರ ಯತಿ ಇಟ್ಟ. ಕ್ರಿ.ಪೂ. 17ರಲ್ಲಿ ಅಗಸ್ಟಸ್ ನಡೆಸಿದ ಮಹೋತ್ಸವದಲ್ಲಿ 27 ಹುಡುಗರು, 27 ಹುಡುಗಿಯರು ಸೇರಿ ಹಾಡಿದ ಅವನ ಸ್ತೋತ್ರ ಇದೇ ಛಂದಸ್ಸಿನಲ್ಲಿದೆ.

ಆಮೇಲೆ ಕ್ರೈಸ್ತ ಮಠಗಳೂ ಇದನ್ನು ಎತ್ತಿಕೊಂಡವು. ಸ್ನಾನಿಕ ಯೋಹಾನನ ಮೇಲೆ ಒಂದು ಸ್ತೋತ್ರವಿದೆ: 'ಉತ್ ಕ್ವೆಅಂತ್ ಲಾಕ್ಸಿಸ್, ರೆಸೊನಾರೆ ಫೀಬ್ರಿಸ್.' ಐದು ಅಕ್ಷರಕ್ಕೆ ಯತಿ, ಆಮೇಲೆ ಆರು. ಅದರ ಧಾಟಿಯಲ್ಲಿ ಮೊದಲ ಆರು ಅರ್ಧಸಾಲುಗಳು ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿಂದ ಹೊರಡುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಅರೆಟ್ಸೊದ ಗ್ವಿದೊ ಎಂಬ ಸಂಗೀತದ ಮೇಷ್ಟ್ರು, ಹುಡುಗರಿಗೆ ಸ್ವರಸ್ಥಾನ ನೆನಪಿರಲೆಂದು ಆ ಆರು ಅರ್ಧಸಾಲುಗಳ ಮೊದಲ ಅಕ್ಷರಗಳನ್ನು ಕಿತ್ತುಕೊಂಡ: ಉತ್, ರೆ, ಮಿ, ಫಾ, ಸೋಲ್, ಲಾ. ಮುಂದೆ ಉತ್ ಹೋಗಿ ದೊ ಬಂತು. ಐದಕ್ಷರದ ಆ ಪುಟ್ಟ ಪಾದ, 'ಸಾಂಕ್ತೆ ಯೊಹಾನ್ನೆಸ್', ಅದರ ಎರಡು ಪದಗಳ ಲ್ಯಾಟಿನ್ ಮೊದಲಕ್ಷರ S, I ಸೇರಿ ಏಳನೆಯ ಸ್ವರ ಸಿ ಆಯಿತು ಎನ್ನುತ್ತಾರೆ.

ಈಗ ಕೀಬೋರ್ಡ್ ಕ್ಲಾಸಿಗೆ ಹೋಗುವ ನಿಮ್ಮ ಮೊಮ್ಮಕ್ಕಳನ್ನು ಕರೆದು, ದೊ ರೆ ಮಿ ಹೇಳಿಸಿ ನೋಡಿ.